ಟಗರಿನ ಹಿಂಗಾಲು

ಬೆಳಗಿನ ಐದು ಗಂಟೆ. ದಾವಣಗೆರೆಯ ಹಳೇಪೇಟೆಯ ಕಡೆ ಒಂದು ಹಿತ್ತಲು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆಂದು ಹರಿಹರದಿಂದ ರಾತ್ರಿಯೇ ಬಸ್ಸು ಹತ್ತಿ ಬಂದಿದ್ದೀರಿ. ಕಣ್ಣಲ್ಲಿ ಇನ್ನೂ ನಿದ್ದೆ.

"ಕಾಲು ಗಟ್ಟಿ ಹಿಡ್ಕೊಳ್ಳಪಾ, ಬಿಡಬ್ಯಾಡ" ಎನ್ನುತ್ತಾರೆ ಸೋದರಮಾವ.

ಮಂಡಿಯೂರುತ್ತೀರಿ. ಟಗರಿನ ಹಿಂಗಾಲು ಅಂಗೈಗೆ ಬರುತ್ತದೆ: ಒರಟು ಗೊರಸು, ಅದರ ಮೇಲೆ ಬೆಚ್ಚಗಿನ ತೆಳು ಎಲುಬು. ಬಳ್ಳಾರಿ ತಳಿಯ ಕರಿ ಟಗರು. ಉಣ್ಣೆಯಿಂದ ಹಿಕ್ಕೆಯ ವಾಸನೆ, ಒದ್ದೆ ಹುಲ್ಲಿನ ವಾಸನೆ. ಅದರ ಎದೆಬಡಿತ ತೊಡೆಯ ನರಗುಂಟ ಇಳಿದು ನಿಮ್ಮ ಬೆರಳಿಗೆ ತಾಕುತ್ತಿದೆ. ಎಷ್ಟು ಜೋರು!

ದೂರದಲ್ಲಿ ಡೊಳ್ಳು. ಗುಡಿಯ ಮುಂದೆ ಪೊಲೀಸರಿದ್ದಾರೆ, ಪ್ರಾಣಿ ಬಲಿ ತಡೆಯುವ 1959ರ ಕಾಯ್ದೆ ಅಲ್ಲಿದೆ. ಹಿತ್ತಲಿನಲ್ಲಿ ಇರುವುದು ಮಾವ, ಕತ್ತಿ ಮತ್ತು ನೀವು.

ಕೈ ಬಿಟ್ಟರೆ? ಕತ್ತಿ ಜಾರುತ್ತದೆ, ಪ್ರಾಣಿ ಅರೆಜೀವವಾಗಿ ಒದ್ದಾಡುತ್ತದೆ. ಹಿಡಿದರೆ ಬೇಗ ಸಾಯುತ್ತದೆ. ಬಾಯಿ ಒಣಗುತ್ತದೆ. ಹಿಡಿಯುತ್ತೀರಿ.

ಕತ್ತಿ. ಒಂದು ಒದೆತ. ಇನ್ನೊಂದು. ಮಣಿಕಟ್ಟಿಗೆ ಬಿಸಿ ಚಿಮ್ಮುತ್ತದೆ. ಮೂಗಿಗೆ ಕಬ್ಬಿಣದ ವಾಸನೆ. ಒದೆತ ನಡುಕವಾಗುತ್ತದೆ. ನಡುಕ ನಿಲ್ಲುತ್ತದೆ. ನಿಮ್ಮ ಬೆರಳು ಮಾತ್ರ ಬಿಚ್ಚಿಕೊಳ್ಳುವುದಿಲ್ಲ.

ಮಾವನ ಮಗಳು ತಂಬಿಗೆಯಿಂದ ಕೈಗೆ ನೀರು ಸುರಿಯುತ್ತಾಳೆ. "ಭಾವಾ, ಕೊಲ್ಲದೇ ಮಾಂಸ ಬೆಳೀತಾರಂತೆ. ನಮ್ಮ ಸರ್ಕಾರ ಬಿಡ್ತದಾ?"

ನೀರು ಕೆಂಪಾಗಿ ಕಲ್ಲಿನ ಮೇಲೆ ಹರಿಯುತ್ತಿರುವಾಗ ಆ ಪ್ರಶ್ನೆಗೆ ಬೇರೆಯೇ ಭಾರ. ಪ್ರಾಣಿಯಿಂದ ಕಾಳಿನಷ್ಟು ಅಂಗಾಂಶ ತೆಗೆದು, ಉಕ್ಕಿನ ಹಂಡೆಯಲ್ಲಿ ಸಕ್ಕರೆ, ಲವಣ, ಅಮೈನೋ ಆಮ್ಲ ಉಣಿಸಿ, ಮೈಶಾಖದಲ್ಲಿಟ್ಟರೆ ಜೀವಕೋಶ ಎರಡಾಗುತ್ತದೆ, ನಾಲ್ಕಾಗುತ್ತದೆ. 2013ರಲ್ಲಿ ವಿಜ್ಞಾನಿ ಮಾರ್ಕ್ ಪೋಸ್ಟ್ ಲಂಡನ್ನಿನಲ್ಲಿ ಇಂಥದ್ದೇ ಮಾಂಸದ ಬರ್ಗರ್ ತಿನ್ನಿಸಿದರು. ಸಿಂಗಪುರ 2020ರಲ್ಲಿ, ಅಮೆರಿಕ 2023ರಲ್ಲಿ ಮಾರಾಟಕ್ಕೆ ಒಪ್ಪಿದವು. ಇಟಲಿ ಅದೇ 2023ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಹೊಸ ಬಗೆಯ ಆಹಾರಕ್ಕೆ 2017ರ ನಿಯಮದಂತೆ ಆಹಾರ ಸುರಕ್ಷತಾ ಪ್ರಾಧಿಕಾರದ ಮುಂಗಡ ಒಪ್ಪಿಗೆ ಬೇಕು. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2024ರಲ್ಲಿ ಮೀನಿನ ಮಾಂಸ ಬೆಳೆಯುವ ಕೆಲಸಕ್ಕೆ ಕೈಹಾಕಿತು.

ರಕ್ತವೇ ಇಲ್ಲ ಅನ್ನಬೇಡಿ. ಮೊದಮೊದಲು ಆ ಹಂಡೆಗೆ ಹುಯ್ದದ್ದು ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಂ. ಅದಿಲ್ಲದೆ ಬೆಳೆದ ಕೋಳಿಮಾಂಸಕ್ಕೆ ಸಿಂಗಪುರ ಒಪ್ಪಿದ್ದು 2023ರಲ್ಲಿ.

ಕಣ್ಣು ಮುಚ್ಚಿದರೆ ಹರಿಹರದ ಹೊಳೆದಂಡೆ. ಕಂಬಳಿ ಹೊದ್ದ ಕುರಿಗಾಹಿ, ಹಿಂದೆ ಮಂದೆ. ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತ ಕಾಳೋ ಕಾಸೋ ಕೊಡುತ್ತಾನೆ, ನೆಲಕ್ಕೆ ಹಿಕ್ಕೆ ಸಿಗುತ್ತದೆ. ಉಕ್ಕಿನ ಹಂಡೆ ಹಿಕ್ಕೆ ಹಾಕುವುದಿಲ್ಲ, ಕಂಬಳಿಗೆ ಉಣ್ಣೆ ಕೊಡುವುದಿಲ್ಲ. ಈ ಕುರಿಗಾಹಿ ಎಲ್ಲಿಗೆ ಹೋಗಬೇಕು? ಹೊಟ್ಟೆಯಲ್ಲಿ ತಣ್ಣಗೆ ಏನೋ ಇಳಿಯುತ್ತದೆ, ಟಗರಿನ ಕಾಲು ಹಿಡಿದಾಗಿನದ್ದೇ ಭಯ.

ಆದರೂ ಹಂಡೆಯ ಮಾಂಸಕ್ಕೆ ಸರ್ಕಾರ ಒಪ್ಪಿಗೆ ಕೊಡಲಿ ಎಂದೇ ನಾನು ಹೇಳುತ್ತೇನೆ. ಪರೀಕ್ಷೆ ಬಿಗಿಯಾಗಿರಲಿ, ಪೊಟ್ಟಣದ ಮೇಲೆ ಇದು ಹಂಡೆಯಲ್ಲಿ ಬೆಳೆದದ್ದು, ಇಂಥ ಪ್ರಾಣಿಯ ಕೋಶದಿಂದ ಎಂದು ಕನ್ನಡದಲ್ಲಿ ದಪ್ಪಗೆ ಬರೆದಿರಲಿ. ಕುರಿಗಾಹಿಯನ್ನು ಕೇಳದೆ ನಿಯಮ ಬರೆಯಬಾರದು. ಆ ಕಾಲನ್ನು ಹಿಡಿದ ಕೈಗೆ ಇನ್ನೊಂದು ದಾರಿ ಬೇಡವೆನ್ನುವ ಧೈರ್ಯ ನನಗಿಲ್ಲ.

ಒಳಗೆ ಸಾರು ಕುದಿಯುತ್ತಿದೆ. ಲವಂಗ, ಸುಟ್ಟ ಕೊಬ್ಬರಿ, ಬೆಳ್ಳುಳ್ಳಿ. ಹಸಿವಾಗುತ್ತದೆ, ಜೋರಾಗಿಯೇ. ಅತ್ತೆ ಜೋಳದ ರೊಟ್ಟಿ ಬಡಿಸುತ್ತಾರೆ, ಮೇಲೊಂದು ತುಂಡು. ಮಾವ ನೋಡುತ್ತಿದ್ದಾರೆ. ಮೂರು ಸಲ ಸೋಪು ಹಚ್ಚಿದ ಬೆರಳಲ್ಲಿ ಉಣ್ಣೆಯ ವಾಸನೆ ಇನ್ನೂ ಇದೆ. ತುತ್ತು ಎತ್ತುತ್ತೀರಿ.