ಗಾಳಿ ಹಿಡಿದ ಗಾಡಿ

ಎಣ್ಣೆ ಸೋರುವ ಕಾರನ್ನು ನಂಬಬಹುದು. ಬೆಳಿಗ್ಗೆ ಎದ್ದು ಬಂದರೆ ಅಂಗಳದ ಕಲ್ಲಿನ ಮೇಲೆ ಕಪ್ಪಗೆ ಒಂದು ಮಚ್ಚೆ ಬಿದ್ದಿರುತ್ತದೆ. ಬಗ್ಗಿ ಅದರ ನೇರಕ್ಕೆ ಮೇಲೆ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ನಮ್ಮ ಡೀಸೆಲ್ ಕಾರು ಅಂಥ ಉಪಕಾರವನ್ನೇನೂ ಮಾಡಲಿಲ್ಲ. ಅಂಗಳ ಒಣಗಿ ಚೊಕ್ಕಟವಾಗಿತ್ತು. ಹೊಗೆ ತಿಳಿಯಾಗಿತ್ತು. ಶಿವಮೊಗ್ಗ ಪೇಟೆಯೊಳಗೆ ತರಕಾರಿಗೆ, ಮದುವೆಗೆ, ಬ್ಯಾಂಕಿಗೆ ಎಲ್ಲಿಗೆ ಕರೆದರೂ ತಕರಾರಿಲ್ಲದೆ ಬರುತ್ತಿತ್ತು. ಉಡುಪಿಯಿಂದ ವಾಪಸು ಬರುತ್ತಾ ಆಗುಂಬೆ ಘಾಟಿ ಹತ್ತುವಾಗ ಮಾತ್ರ ಅದಕ್ಕೆ ಏನೋ ಆಗುತ್ತಿತ್ತು.

ಸೋಮೇಶ್ವರ ದಾಟಿದ ಮೇಲೆ 14 ತಿರುವುಗಳು. ನಡುವಿನ ಯಾವುದೋ ತಿರುವಿನಲ್ಲಿ, ನಾನು ಆಕ್ಸಿಲರೇಟರನ್ನು ಪೂರ್ತಿ ಒತ್ತಿದ ಹೊತ್ತಿಗೇ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡು ಕಾರಿನ ಜೀವ ಇಳಿದುಹೋಗುತ್ತಿತ್ತು. ನಿಲ್ಲುತ್ತಿರಲಿಲ್ಲ, ಕಟ್ಟೆಯ ಮೇಲಿನ ಮಂಗಗಳು ನಮ್ಮ ಜೊತೆಗೇ ನಡೆದು ಬಂದು, ಒಳಗೆ ಯಾರು ಯಾರಿದ್ದಾರೆ, ತಿನ್ನಲು ಏನಿದೆ ಎಂದು ಸಾವಕಾಶವಾಗಿ ನೋಡುವಷ್ಟು ನಿಧಾನವಾಗುತ್ತಿತ್ತು. ಹಿಂದಿನವರ ಹಾರ್ನು ಬೇರೆ. ಬದಿಗೆ ಹಾಕಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ, ತಾನೇನೂ ಮಾಡಿಯೇ ಇಲ್ಲ ಎಂಬಂತೆ ಹೊರಡುತ್ತಿತ್ತು.

ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಚುಚ್ಚಿದರು. ಪಿ0087 ಎಂದು ಬಂತು. ಅಂದರೆ ರೈಲಿನಲ್ಲಿ ಪ್ರೆಶರ್ ಕಡಿಮೆ. ಈ ರೈಲು ನಾಲ್ಕು ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಒಂದು ದಪ್ಪ ಉಕ್ಕಿನ ನಳಿಗೆ. ಕಾರುಗಳಿಗೆ ಈ ವ್ಯವಸ್ಥೆ ಬಂದದ್ದು 1997ರಲ್ಲಿ, ಇಟಲಿಯಲ್ಲಿ. ಟೈರಿಗೆ ನಾವು ಹೊಡೆಸುವ ಗಾಳಿ ಎರಡು ಬಾರ್ ಚಿಲ್ಲರೆ. ಈ ನಳಿಗೆಯಲ್ಲಿ ಎಂಜಿನ್ ಸುಮ್ಮನೆ ಗುರುಗುಟ್ಟುವಾಗಲೇ ಸುಮಾರು 300 ಬಾರ್, ಜೋರು ಮಾಡಿದರೆ 1,600ರವರೆಗೂ ಹೋಗುತ್ತದೆ. ಕೇಳಿದಷ್ಟು ಬಾರದಿದ್ದರೆ ಕಂಪ್ಯೂಟರು ಎಂಜಿನ್ನಿನ ಶಕ್ತಿಯನ್ನು ಕತ್ತರಿಸಿಬಿಡುತ್ತದೆ. ಕಡಿಮೆ ಇದೆ ಎಂದು ಸ್ಕ್ಯಾನರ್ ಹೇಳಿತು. ಯಾಕೆ ಕಡಿಮೆ ಎಂದು ಹೇಳುವುದು ಅದರ ಕೆಲಸವಲ್ಲ.

ಆದ್ದರಿಂದ ಆ ಕೆಲಸವನ್ನು ಉಳಿದವರೆಲ್ಲ ಕೈಗೆತ್ತಿಕೊಂಡರು. ಫಿಲ್ಟರ್ ಬದಲಾಯಿತು. ರೈಲಿನ ಸೆನ್ಸರ್ ಬದಲಾಯಿತು. ಪಂಪಿಗೆ ಎಷ್ಟು ಡೀಸೆಲ್ ಬಿಡಬೇಕೆಂದು ಲೆಕ್ಕ ಇಡುವ ವಾಲ್ವ್ ಕೂಡ ಬದಲಾಯಿತು. ಪ್ರತಿ ಸಲವೂ "ಈಗ ಓಡಿಸಿ ನೋಡಿ ಸಾರ್" ಎಂದರು. ಪ್ರತಿ ಸಲವೂ ಮಂಗಗಳು ನಮ್ಮನ್ನು ಗುರುತು ಹಿಡಿದವು. ಕೊನೆಗೆ ಅವರು ನನ್ನನ್ನು ಏಸಿ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟು, ಹೈ ಪ್ರೆಶರ್ ಪಂಪನ್ನೇ ಬದಲಿಸಬೇಕೆಂದು ಎಸ್ಟಿಮೇಟ್ ಕೈಗಿತ್ತರು. ಆ ಮೊತ್ತಕ್ಕೆ ಒಂದು ಹಳೆಯ ಬೈಕು ಬರುತ್ತಿತ್ತು, ಅದೂ ಘಾಟಿ ಹತ್ತುವಂಥದ್ದು.

ನಮ್ಮ ಬೀದಿಯಲ್ಲಿ ರಿಟೈರಾದ ಬಸ್ ಡ್ರೈವರ್ ಒಬ್ಬರಿದ್ದಾರೆ. ಮಕ್ಕಳಿಗೆಲ್ಲ ಡ್ರೈವರ್ ಮಾವ, ಹಾಗಾಗಿ ನಮಗೂ. ಮೊದಲ ದಿನವೇ ಅವರು ಬಾನೆಟ್ ಎತ್ತಿಸಿ, ಏನನ್ನೂ ಮುಟ್ಟದೆ, "ಏರ್ ಹಿಡ್ದಿದೆ" ಎಂದು ತೀರ್ಪು ಕೊಟ್ಟಿದ್ದರು. ಅವರ ಕಾಲದಲ್ಲಿ ಬಸ್ಸು ಘಾಟಿಯಲ್ಲಿ ನಿಂತರೆ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗುವುದು. ನೊರೆ ನೊರೆ ಡೀಸೆಲ್ ಹೋಗಿ ಗಟ್ಟಿ ಡೀಸೆಲ್ ಬಂದ ಕೂಡಲೇ ಬಿಗಿಮಾಡಿ ಸೆಲ್ಫ್ ಹೊಡೆಯುವುದು. ಹೇಳುವಾಗ ಈಗಲೂ ಅವರ ಹೆಬ್ಬೆರಳು ಗಾಳಿಯಲ್ಲಿ ಪಂಪು ಒತ್ತುತ್ತದೆ. ಆದರೆ ಅವರು ತಮ್ಮ ಮೊಣಕಾಲು ನೋವಿಗೂ ವಾಯು ಎನ್ನುತ್ತಾರೆ, ಸೊಸೆಯ ಸಿಟ್ಟಿಗೂ ಪಿತ್ತ ಎನ್ನದೆ ವಾಯು ಎನ್ನುತ್ತಾರೆ. ಹೀಗಾಗಿ ಅವರ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. ನನ್ನ ತಾಯಿ ಮಾತ್ರ ಆ ಮಾತನ್ನು ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡು ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಇಡಿಸಿದರು.

ಪಂಪಿನ ಎಸ್ಟಿಮೇಟನ್ನು ಜೇಬಿನಲ್ಲಿಟ್ಟುಕೊಂಡು ನಾವು ಕೊನೆಗೆ ಹೋದದ್ದು ಮುಖ್ಯರಸ್ತೆಯಿಂದ ಒಳಗಿರುವ, ಬೋರ್ಡೂ ಇಲ್ಲದ ಒಂದು ಗ್ಯಾರೇಜಿಗೆ. ಅಲ್ಲಿಯ ಭಾಯ್ ಎಸ್ಟಿಮೇಟನ್ನು ಓದಿ, ಮಡಚಿ, ವಾಪಸು ಕೊಟ್ಟ. "ಬಿಚ್ಚೋದು ಆಮೇಲೆ ಸಾರ್, ಮೊದಲು ನೋಡೋಣ" ಎಂದ. ಅಲ್ಲಿಯವರೆಗೆ ಯಾರೂ ಹೇಳದ ಮಾತು.

ನೋಡುವುದು ಹೇಗೆಂದು ಅಂದು ನೋಡಿದೆ. ನಾಲ್ಕು ಖಾಲಿ ಗ್ಲೂಕೋಸ್ ಬಾಟಲಿಗಳನ್ನು ತಂದು ಬಾನೆಟ್ಟಿಗೆ ಸಾಲಾಗಿ ಕಟ್ಟಿ, ಇಂಜೆಕ್ಟರುಗಳ ರಿಟರ್ನ್ ಪೈಪು ಕಿತ್ತು ಒಂದೊಂದಕ್ಕೆ ಒಂದೊಂದು ಕೊಟ್ಟ. ಎಂಜಿನ್ ಸ್ಟಾರ್ಟಾಯಿತು. ಸವೆದ ಇಂಜೆಕ್ಟರ್ ಇದ್ದರೆ ಅದರ ಬಾಟಲಿ ಬೇಗ ತುಂಬುತ್ತದೆ, ಪ್ರೆಶರ್ ಸೋರಿಹೋಗುವ ಒಂದು ದಾರಿ ಅದು. ನಾನು, ನನ್ನ ಹೆಂಡತಿ, ಗ್ಯಾರೇಜಿನ ಹುಡುಗ ಮೂವರೂ ಐಸಿಯು ಹೊರಗಿನ ನೆಂಟರ ಮುಖ ಮಾಡಿಕೊಂಡು ನಿಂತೆವು. ನಾಲ್ಕೂ ಬಾಟಲಿಗಳಲ್ಲಿ ಡೀಸೆಲ್ ಒಂದೇ ಮಟ್ಟಕ್ಕೆ ಏರಿತು. "ಇವು ಕರೆಕ್ಟಿದಾವೆ" ಎಂದು ಭಾಯ್ ಬಾಟಲಿ ಬಿಚ್ಚಿದ.

ಆಮೇಲೆ ಫಿಲ್ಟರಿನಿಂದ ಪಂಪಿಗೆ ಹೋಗುವ ಕಪ್ಪು ಪೈಪು ತೆಗೆದು, ಅಲ್ಲಿಗೆ ಒಳಗಿನದೆಲ್ಲ ಕಾಣುವ ಒಂದು ಗೇಣು ಬಿಳಿ ಪೈಪು ಸಿಕ್ಕಿಸಿದ. ನಮ್ಮ ಕಾರಿನ ಟ್ಯಾಂಕಿನೊಳಗೆ ಪಂಪಿಲ್ಲ. ಮುಂದಿರುವ ಪಂಪೇ ಹಿಂದಿನಿಂದ ಡೀಸೆಲನ್ನು ಎಳೆದುಕೊಳ್ಳಬೇಕು. ಎಳೆಯುವ ಪೈಪಿನಲ್ಲಿ ಎಲ್ಲಾದರೂ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ತೂತಾದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಗುಳ್ಳೆ ಬರುತ್ತದೇನೋ ಎಂದು ಎಲ್ಲರೂ ಬಿಳಿ ಪೈಪಿಗೆ ಕಣ್ಣು ನೆಟ್ಟೆವು. ಜೇನುತುಪ್ಪದ ಬಣ್ಣದ ಡೀಸೆಲ್ ಒಂದು ಗುಳ್ಳೆಯೂ ಇಲ್ಲದೆ ಹರಿಯಿತು. ಭಾಯ್ ತಲೆ ಕೆರೆದುಕೊಂಡ.

"ಯಾವಾಗ ಯಾವಾಗ ಹಿಂಗಾಗುತ್ತೆ ಸಾರ್?"

"ಘಾಟಿ ಹತ್ತುವಾಗ" ಎಂದೆ, ಎಂದಿನಂತೆ.

"ಅಲ್ಲ ರೀ" ಎಂದಳು ಹೆಂಡತಿ. "ಮುಳ್ಳು ಅರ್ಧಕ್ಕಿಂತ ಕೆಳಗಿರುವಾಗ. ಹೋಗ್ತಾ ಇಲ್ಲೇ ಫುಲ್ ಮಾಡಿಸ್ತೀರಿ. ನಾಲ್ಕು ದಿನ ಅಲ್ಲಿ ಸುತ್ತಿ ಬರುವಾಗ ಟ್ಯಾಂಕು ಖಾಲಿ ಆಗಿರುತ್ತೆ. ಈಗ ಫುಲ್ ಇದೆ, ಅದಕ್ಕೇ ಏನೂ ಕಾಣ್ತಿಲ್ಲ."

ನಾನು ರಸ್ತೆ ನೋಡಿಕೊಂಡು ಓಡಿಸುವವನು. ಪಕ್ಕದಲ್ಲಿ ಕೂತು, ಘಾಟಿಯ ನಡುವೆ ಡೀಸೆಲ್ ಮುಗಿದರೆ ಏನು ಗತಿ ಎಂದು ಇಷ್ಟು ವರ್ಷ ಆ ಮುಳ್ಳನ್ನೇ ಕಾಯ್ದವಳು ಅವಳು. ಅವಳ ಭಯವನ್ನು ಯಾರೂ ಸ್ಕ್ಯಾನ್ ಮಾಡಿರಲಿಲ್ಲ.

ಭಾಯ್ ಒಂದು ಮಾತೂ ಆಡದೆ ಟ್ಯಾಂಕಿನ ಡೀಸೆಲನ್ನು ಕ್ಯಾನಿಗೆ ಇಳಿಸಿದ. ಮುಳ್ಳು ಅರ್ಧ ದಾಟಿ ಕೆಳಗೆ ಬಂತು. ಹುಡುಗ ಆಕ್ಸಿಲರೇಟರ್ ಒತ್ತಿದ. ಬಿಳಿ ಪೈಪಿನಲ್ಲಿ ಮೊದಲು ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು, ಆಮೇಲೆ ಸಾಲುಸಾಲಾಗಿ ಗುಳ್ಳೆಗಳು ಹೊರಟವು. ನನ್ನ ಜೀವನದಲ್ಲಿ ಗುಳ್ಳೆ ಕಂಡು ಅಷ್ಟು ಸಂತೋಷಪಟ್ಟದ್ದು ಚಿಕ್ಕಂದಿನಲ್ಲಿ ಸೋಪು ನೀರು ಊದುವಾಗಲೂ ಇಲ್ಲ.

ಹಿಂದಿನ ಸೀಟು ಎತ್ತಿದರು. ಅಡಿಯಲ್ಲಿ ಕಡಲೆಕಾಯಿ ಸಿಪ್ಪೆ, ಧರ್ಮಸ್ಥಳದ ಪಾರ್ಕಿಂಗ್ ಚೀಟಿ, ಮಗಳು ಹೈಸ್ಕೂಲಿನಲ್ಲಿದ್ದಾಗ ಕಳೆದು ರಂಪ ಮಾಡಿದ್ದ ಹೇರ್‌ಕ್ಲಿಪ್ಪು. ಅವುಗಳ ಕೆಳಗೆ ಟ್ಯಾಂಕಿನ ಮುಚ್ಚಳ. ಮುಚ್ಚಳದಿಂದ ಟ್ಯಾಂಕಿನೊಳಕ್ಕೆ ಇಳಿದಿದ್ದ ಪ್ಲಾಸ್ಟಿಕ್ ಪೈಪಿನಲ್ಲಿ, ನಡುವಿಗಿಂತ ಸ್ವಲ್ಪ ಮೇಲೆ, ಕೂದಲೆಳೆಯಷ್ಟು ಬಿರುಕು. ಟ್ಯಾಂಕು ತುಂಬಿರುವಾಗ ಬಿರುಕು ಡೀಸೆಲಿನಲ್ಲೇ ಮುಳುಗಿ ಡೀಸೆಲನ್ನೇ ಎಳೆಯುತ್ತಿತ್ತು. ಮಟ್ಟ ಇಳಿದಾಗ ಗಾಳಿ ಕುಡಿಯುತ್ತಿತ್ತು. ಪೇಟೆಯಲ್ಲಿ ಎಂಜಿನ್ ಕೇಳುವುದೇ ಕಡಿಮೆಯಾದ್ದರಿಂದ ಅಷ್ಟು ಗಾಳಿಯನ್ನು ಹೇಗೋ ಜೀರ್ಣಿಸಿಕೊಳ್ಳುತ್ತಿತ್ತು, ಘಾಟಿಯಲ್ಲಿ ಆಗುತ್ತಿರಲಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಎಂಜಿನ್ನಿನ ಅಜ್ಜ ಕಡಲೆಕಾಯಿ ಎಣ್ಣೆ ಕುಡಿದೇ ಓಡಿದ್ದನಂತೆ. ಮೊಮ್ಮಗನಿಗೆ ಒಂದು ಗುಳ್ಳೆ ತಡೆಯದು.

ಹೊಸ ಪೈಪಿನ ಜೋಡಣೆಗೆ ಆದ ಖರ್ಚು ಸರ್ವಿಸ್ ಸೆಂಟರಿನ ಫಿಲ್ಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಕಾರು ಈಗ ಮುಳ್ಳು ಎಲ್ಲಿದ್ದರೂ ಘಾಟಿ ಹತ್ತುತ್ತದೆ. ಆದರೆ ಹತ್ತಲು ಇನ್ನೆಷ್ಟು ಕಾಲ? 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟಿತು, 2020ರ ಏಪ್ರಿಲಿನಲ್ಲಿ ಬಿಎಸ್6 ಎಂಬ ಹೊಗೆಯ ನಿಯಮ ಬಂತು, ಸಣ್ಣ ಡೀಸೆಲ್ ಕಾರುಗಳು ಶೋರೂಮಿನಿಂದ ಸದ್ದಿಲ್ಲದೆ ಮರೆಯಾದವು. ಹದಿನೈದು ವರ್ಷ ತುಂಬಿದ ಮೇಲೆ ನಮ್ಮದನ್ನೂ ಆರ್‌ಟಿಓ ಮುಂದೆ ನಿಲ್ಲಿಸಿ ಇನ್ನೂ ಬದುಕಿದೆ ಎಂದು ತೋರಿಸಬೇಕು. ಭಾಯ್‌ನ ಮಗ ಬೆಂಗಳೂರಿನಲ್ಲಿ ಬ್ಯಾಟರಿ ಗಾಡಿಗಳ ಕೆಲಸ ಕಲಿಯುತ್ತಿದ್ದಾನೆ. ಗ್ಲೂಕೋಸ್ ಬಾಟಲಿಗಳು ಯಾರಿಗೂ ಬೇಡ.

ಡ್ರೈವರ್ ಮಾವ ಮಾತ್ರ ಬೀದಿಯಲ್ಲಿ ಎದೆಯೆತ್ತಿ ನಡೆಯುತ್ತಿದ್ದಾರೆ. ಮೊನ್ನೆ ಎದುರುಮನೆ ಹುಡುಗನ ಎಲೆಕ್ಟ್ರಿಕ್ ಸ್ಕೂಟರ್ ಗೇಟಿನ ಮುಂದೆ ನಿಂತುಬಿಟ್ಟಿತ್ತು. ಕರೆಯದೆಯೇ ಹೋದರು, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಸೀಟೆತ್ತಿಸಿ ನೋಡಿದರು.

"ಕೈಪಂಪು ಎಲ್ಲಿರುತ್ತೋ ಇದಕ್ಕೆ?"

"ಪಂಪೇ ಇಲ್ಲ ಮಾವ. ಸಾಫ್ಟ್‌ವೇರ್ ಅಪ್‌ಡೇಟ್ ಆಗ್ತಿದೆ."

"ಹಂಗಾರೆ ನಾವೇನು ಮಾಡೋದು?"

"ಏನೂ ಮಾಡೋದಿಲ್ಲ. ಕಾಯೋದು."

"ಬಿಸಿಲಲ್ಲಿ ಯಾಕೆ ಕಾಯ್ತೀಯೋ?" ಎಂದು ಅವನನ್ನು ಕಾಫಿಗೆ ಒಳಗೆ ಕರೆದುಕೊಂಡು ಹೋದರು.