ಹಿಂದೆ ಕುಳಿತವರು

ಮೋಟಾರ್ ಸೈಕಲ್ಲಿನ ಕಾನೂನೆಂದರೆ ಪೊಲೀಸರಿಗೂ ಸವಾರನಿಗೂ ನಡುವೆ ನಡೆಯುವ ಕಣ್ಣುಮುಚ್ಚಾಲೆಯೆಂದು ನಮ್ಮಲ್ಲಿ ಬಹುಮಂದಿಯ ನಂಬಿಕೆ. ಸಿಕ್ಕಿಬಿದ್ದರೆ ದಂಡ, ತಪ್ಪಿಸಿಕೊಂಡರೆ ಜಾಣತನ. ಆಳಂದ, ಅಫಜಲಪುರ, ಜೇವರ್ಗಿಗಳಿಂದ ಕಲಬುರಗಿಗೆ ಬರುವ ಹಾದಿಗಳಲ್ಲಿ ಈ ಆಟವನ್ನು ದಿನವೂ ನೋಡಬಹುದು. ಊರಿನಿಂದ ಹೊರಡುವಾಗ ಹೆಲ್ಮೆಟ್ಟು ಮೊಣಕೈಗೆ ಬಳೆಯಂತೆ ತೂಗುತ್ತಿರುತ್ತದೆ. ಪಟ್ಟಣದ ಅಂಚು ಕಂಡೊಡನೆ ತಲೆಯನ್ನೇರುತ್ತದೆ. ಪೇಟೆಯ ಕೆಲಸ ಮುಗಿದು ಮರಳುವಾಗ ಪುನಃ ಮೊಣಕೈಗಿಳಿಯುತ್ತದೆ. ಈ ಜನಕ್ಕೆ ತಲೆಗಿಂತ ಮೊಣಕೈಯೇ ಹೆಚ್ಚಿನ ಬೆಲೆಯುಳ್ಳದ್ದೋ ಎಂಬ ಸಂದೇಹ ನೋಡುವವರಿಗೆ ಬಾರದಿರದು.

ನಮ್ಮ ಕಡೆ ಮೋಟಾರ್ ಸೈಕಲ್ಲು ಒಬ್ಬನ ವಾಹನವಲ್ಲ. ಜನ ಅದನ್ನು ‘ಗಾಡಿ’ ಎಂದೇ ಕರೆಯುತ್ತಾರೆ. ಹಿಂದಿನ ಎತ್ತಿನ ಗಾಡಿಯ ಕೆಲಸವನ್ನೆಲ್ಲ ಅದು ವಹಿಸಿಕೊಂಡೂ ಇದೆ. ತೊಗರಿಯ ಚೀಲ ಸಾಗುವುದು ಅದರ ಮೇಲೆ. ಬೀಗರು ಬರುವುದೂ ಅದರ ಮೇಲೆಯೇ. ಹುಣ್ಣಿಮೆಯಂದು ಭೀಮಾ–ಅಮರ್ಜಾ ಸಂಗಮದ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಹೋಗುವ ಸಂಸಾರಗಳನ್ನು ನೋಡಬೇಕು. ಟ್ಯಾಂಕಿನ ಮೇಲೊಂದು ಮಗು, ಗಂಡನ ಬೆನ್ನಿಗೆ ಇನ್ನೊಂದು, ಕೊನೆಯಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಬುತ್ತಿಯ ಗಂಟು. ಗಂಡನ ತಲೆಗೆ ಹೆಲ್ಮೆಟ್ಟು, ಹೆಂಡತಿಯ ತಲೆಗೆ ಸೆರಗು!

ಕನ್ನಡದ ಅಧ್ಯಾಪಕನಾದ ನನಗೆ ಯಾವ ವಾಕ್ಯವನ್ನು ಕಂಡರೂ ಅದರಲ್ಲಿ ಕರ್ತೃ ಯಾರು, ಅದು ಯಾರನ್ನು ಕುರಿತದ್ದು ಎಂದು ಹುಡುಕುವ ಚಟ. 1988ರ ಮೋಟಾರು ವಾಹನಗಳ ಕಾಯಿದೆಯನ್ನೂ ಅದೇ ಚಟದಿಂದ ಓದಿದೆ. ಓದುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಸವಾರನನ್ನು ಉದ್ದೇಶಿಸಿ ಬರೆದಂತೆ ಕಾಣುವ ಈ ಕಾನೂನಿನ ಕಣ್ಣು ನಿಜವಾಗಿ ನೆಟ್ಟಿರುವುದು ಅವನ ಸುತ್ತಲಿನವರ ಮೇಲೆ.

128ನೆಯ ಕಲಮು ಸವಾರನ ಹಿಂದೆ ಒಬ್ಬರಿಗಿಂತ ಹೆಚ್ಚು ಜನ ಕೂಡುವಂತಿಲ್ಲವೆನ್ನುತ್ತದೆ. 129ನೆಯದು ಹೆಲ್ಮೆಟ್ಟನ್ನು ಸವಾರನೊಬ್ಬನಿಗೆ ವಿಧಿಸಿಲ್ಲ. ಹಿಂದೆ ಕುಳಿತವರಿಗೂ ವಿಧಿಸಿದೆ. 2019ರ ತಿದ್ದುಪಡಿಯಂತೆ ನಾಲ್ಕು ವರ್ಷ ಮೀರಿದ ಮಗುವಿಗೂ ಅದು ಬೇಕು. ಪೇಟ ಧರಿಸುವ ಸಿಖ್ಖರಿಗೆ ಮಾತ್ರ ವಿನಾಯಿತಿ. ಅದಕ್ಕಿಂತ ಚಿಕ್ಕ ಮಕ್ಕಳನ್ನೂ ಕಾನೂನು ಮರೆತಿಲ್ಲ. 2023ರ ಫೆಬ್ರವರಿಯಿಂದ ಜಾರಿಗೆ ಬಂದ ಕೇಂದ್ರ ನಿಯಮದಂತೆ ಮಗುವನ್ನು ಸವಾರನಿಗೆ ಪಟ್ಟಿಯಿಂದ ಬಿಗಿಯಬೇಕು, ಅದರ ಅಳತೆಯ ಹೆಲ್ಮೆಟ್ಟು ತೊಡಿಸಬೇಕು, ವೇಗ ಗಂಟೆಗೆ 40 ಕಿಲೋಮೀಟರು ಮೀರಬಾರದು. ಹೆಲ್ಮೆಟ್ಟಿಲ್ಲದ ತಪ್ಪಿಗೆ ಕಾಯಿದೆ ಇಟ್ಟ ದಂಡ 1,000 ರೂಪಾಯಿ. ಕರ್ನಾಟಕ ಸರಕಾರ 2019ರ ಸೆಪ್ಟೆಂಬರಿನಲ್ಲಿ ಅದನ್ನು 500ಕ್ಕೆ ಇಳಿಸಿತು. ಆದರೆ ಮೂರು ತಿಂಗಳು ಪರವಾನಿಗೆ ಕಳೆದುಕೊಳ್ಳುವ ಭಯ ಹಾಗೆಯೇ ಉಳಿದಿದೆ.

ವಿಮೆಯ ವಿಷಯವೂ ಹೀಗೆಯೇ. ಅದು ಪೊಲೀಸರಿಗೆ ತೋರಿಸುವ ಕಾಗದವೆಂದು ಜನ ತಿಳಿದಿದ್ದಾರೆ. ಕಾನೂನು ಕಡ್ಡಾಯ ಮಾಡಿರುವುದು ‘ಮೂರನೆಯವರ’ ವಿಮೆಯನ್ನು. ನಮ್ಮ ಗಾಡಿ ತಗಲಿ ಬಿದ್ದ ಕುರಿಕಾಯುವವನೋ ಕೂಲಿಯ ಹೆಣ್ಣುಮಗಳೋ ಅನಾಥರಾಗಬಾರದೆಂಬುದೇ ಅದರ ತಿರುಳು. 2018ರ ಸೆಪ್ಟೆಂಬರಿನಿಂದ ಹೊಸ ಗಾಡಿಗೆ ಐದು ವರ್ಷದ ಇಂಥ ವಿಮೆ ಒಟ್ಟಿಗೇ ಬರುತ್ತಿದೆ. ಐದು ವರ್ಷ ನೆನಪಿಡಬೇಕಾಗಿಲ್ಲವೆಂಬ ಸುಖ, ಆರನೆಯ ವರ್ಷದ ಮರೆವಿಗೆ ಕಾರಣವಾಗುತ್ತದೆ.

ನಮ್ಮದು ಗಡಿಸೀಮೆ. ಆಳಂದದವರಿಗೆ ಉಮರ್ಗಾ, ಅಫಜಲಪುರದವರಿಗೆ ಅಕ್ಕಲಕೋಟೆ ನೆರೆಮನೆಯಿದ್ದಂತೆ. ಗಡಿ ದಾಟಿದರೆ ಕಾನೂನೂ ಬದಲಾಗುತ್ತದೆಂದು ಕೆಲವರ ಎಣಿಕೆ. ಕಾಯಿದೆ ದೇಶಕ್ಕೆಲ್ಲ ಒಂದೇ. ಸ್ಥಳದಲ್ಲಿ ಕಟ್ಟುವ ದಂಡದ ಮೊತ್ತದಲ್ಲಿ ಮಾತ್ರ ರಾಜ್ಯ ರಾಜ್ಯಕ್ಕೆ ವ್ಯತ್ಯಾಸವಿರಬಹುದು. ಸೊಲ್ಲಾಪುರದ ‘ಎಂ.ಎಚ್. 13’ ಫಲಕದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ನಮ್ಮ ‘ಕೆ.ಎ. 32’ರ ನೋಂದಣಿ ಪಡೆಯಲೇಬೇಕು.

ಇಷ್ಟೆಲ್ಲ ಹೇಳುವುದು ಸುಲಭ. ಕಾನೂನು ಬಾಳಿಗೆ ತಗಲುವ ಕಡೆ ಮಾತು ಕಠಿಣವಾಗುತ್ತದೆ. ನಮ್ಮ ಕಾಲೇಜಿನ ಪದವಿಪೂರ್ವ ತರಗತಿಗಳಿಗೆ ಹದಿನಾರು–ಹದಿನೇಳರ ಹುಡುಗರು ತಂದೆಯ ಗಾಡಿಯಲ್ಲಿ ಬರುತ್ತಿದ್ದರು. ಹದಿನಾರಕ್ಕೆ ಪರವಾನಿಗೆ ಸಿಗುವುದು 50 ಸಿ.ಸಿ. ಮೀರದ ವಾಹನಕ್ಕೆ ಮಾತ್ರ. ಉಳಿದದ್ದಕ್ಕೆ ಹದಿನೆಂಟು ತುಂಬಬೇಕು. ಒಬ್ಬ ಹುಡುಗನ ತಂದೆಯನ್ನು ಕರೆಸಿದೆ. ತೊಗರಿ ಬೆಳೆಯುವ ರೈತ. ಮಾತು ಎತ್ತಿದೊಡನೆ ಅವರು ಕೇಳಿದರು:

“ಸರ, ನಮ್ಮೂರಿಗಿ ಮುಂಜಾನಿ ಬಸ್ಸು ಬರೂದೇ ಹತ್ತೂವರಿಗಿ. ಹುಡುಗ ಒಂಬತ್ತಕ್ಕ ಇಲ್ಲಿರಬೇಕು. ಗಾಡಿ ಕೊಡಬ್ಯಾಡಂದ್ರ ಸಾಲಿ ಬಿಡಸಬೇಕಾಗ್ತದ. ಕಾಯಿದಾ ಮಾಡಿದವ್ರು ನಮ್ಮೂರು ನೋಡ್ಯಾರೇನ್ರಿ?”

ಈ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿಲ್ಲ. ಇರುವುದನ್ನು ಹೇಳಿದೆ. 199ಎ ಕಲಮಿನಂತೆ ಹುಡುಗ ಅಪರಾಧವೆಸಗಿದರೆ ಹೊಣೆ ಪೋಷಕನದು, ಇಲ್ಲವೇ ಗಾಡಿಯ ಒಡೆಯನದು. ತನಗೆ ತಿಳಿಯದೆ ನಡೆಯಿತೆಂದು ಅವರು ತೋರಿಸಿಕೊಡದಿದ್ದರೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಿಗೆಯಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನುಡಿದರು: “ಸೆರಿಮನಿ ಮಾತು ಬಿಡ್ರಿ ಸರ. ಹುಡುಗ ಬಿದ್ರ ನಾ ಬಿದ್ದಂಗೇ ಅಲ್ಲೇನ್ರಿ?”

ಕಾಯಿದೆಯ ಭಾಷ್ಯವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬರೆಯಲಾರರು. ಆ ಊರಿನ ನಾಲ್ವರು ತಂದೆಯರು ಕೂಡಿ ತಿಂಗಳ ಲೆಕ್ಕದಲ್ಲಿ ಒಂದು ಆಟೋ ಗೊತ್ತುಮಾಡಿದರು. ಬಡವರಿಗೆ ಅದು ಸಣ್ಣ ವೆಚ್ಚವಲ್ಲ. ಮಳೆಗೆ ಹಾದಿ ಕೆಟ್ಟ ದಿನ ಆಟೋ ಬರುವುದಿಲ್ಲ. ಅಂದು ನಾಲ್ಕು ಹೆಸರುಗಳ ಮುಂದೆ ನಾನು ಗೈರುಹಾಜರಿ ಬರೆಯುತ್ತೇನೆ, ಬೇಸರದಿಂದಲೇ. ಆದರೂ ನಾಳೆ ಕರೆದರೆ ‘ಹಾಜರ್’ ಎನ್ನುವ ಹುಡುಗರು ಅವರು.

ಕೊನೆಗೊಂದು ಮಾತು. ಹಾದಿಯಲ್ಲಿ ಬಿದ್ದವನನ್ನು ಕಂಡು, ಕೋರ್ಟು ಕಚೇರಿಯ ಅಲೆದಾಟಕ್ಕೆ ಹೆದರಿ ಮುಂದೆ ಸಾಗುವವರುಂಟು. 2019ರಲ್ಲಿ ಸೇರಿದ 134ಎ ಕಲಮು ಸದುದ್ದೇಶದಿಂದ ನೆರವಾದವನಿಗೆ ರಕ್ಷಣೆ ಕೊಟ್ಟಿದೆ. ಗಾಯಾಳುವಿಗೆ ಏನಾದರೂ ಆದರೆ ಅವನ ಮೇಲೆ ಮೊಕದ್ದಮೆ ಬರುವುದಿಲ್ಲ. ಹೀಗೆ ದಾರಿಹೋಕನಿಗೂ ಈ ಕಾಯಿದೆಯಲ್ಲಿ ಒಂದು ಸ್ಥಾನವಿದೆ.

ಆದ್ದರಿಂದ ನನ್ನ ವಿನಂತಿ ಸವಾರರಿಗಲ್ಲ, ಮನೆಯವರಿಗೆ. ಬರುವ ಭಾನುವಾರ ಗಾಡಿಯ ಕಾಗದಗಳನ್ನು ಗೃಹಿಣಿಯರೇ ಒಮ್ಮೆ ಬಿಚ್ಚಿ ನೋಡಲಿ. ವಿಮೆ ಎಂದು ಮುಗಿಯುತ್ತದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಐ.ಎಸ್.ಐ. ಗುರುತಿನ ಎರಡನೆಯ ಹೆಲ್ಮೆಟ್ಟು ಮನೆಯಲ್ಲಿದೆಯೇ ಎಂದು ಯಜಮಾನರನ್ನು ಕೇಳಲಿ. ಹಿಂದೆ ಕುಳಿತವರಿಗೂ ಈ ಕಾನೂನನ್ನು ಓದುವ ಹಕ್ಕುಂಟು. ಅದರ ಹೆಚ್ಚಿನ ಭಾಗ ಬರೆದಿರುವುದು ಅವರಿಗಾಗಿಯೇ.