ಅಕ್ಕನ ಕೈಯಲ್ಲಿಟ್ಟ ಸಾವಿರ ರೂಪಾಯಿ

ಮಗಳ ಹೆರಿಗೆಗೆಂದು ನಾವಿಬ್ಬರೂ ಕುಂಜತ್ತೂರಿನಿಂದ ಶಾರ್ಜಾಕ್ಕೆ ಹೊರಟದ್ದು 2023ರ ನವೆಂಬರಿನಲ್ಲಿ. ಬಾಣಂತನದ ನಲವತ್ತು ದಿನ ಮುಗಿಸಿಯೇ ಬರುವುದೆಂದು ಲೆಕ್ಕ. ತೆಂಗಿನೆಣ್ಣೆ, ಕುಚ್ಚಲಕ್ಕಿ, ಬಾಣಂತಿ ಲೇಹ್ಯ ಎಲ್ಲ ಕಟ್ಟಿ, ಪೆಟ್ಟಿಗೆಯನ್ನು ಮೂರು ಸಲ ತೂಗಿ ನೋಡಿದೆವು. ಮೋನುವಿನ ವಿಷಯಕ್ಕೆ ಮಾತ್ರ ಐದು ನಿಮಿಷವೂ ಕೊಡಲಿಲ್ಲ.

ಮೋನು ಅಂದರೆ ನಮ್ಮ ಬೆಕ್ಕು. ಆರು ವರ್ಷದ ಗಂಡು, ಕೆಂಚು ಬಣ್ಣ. ಮೀನು ಬರುವ ಬ್ಯಾರಿ ಮನೆಗೆ ಬೆಕ್ಕು ತಾನಾಗಿಯೇ ಬರುತ್ತದೆ, ಸಾಕಬೇಕೆಂದೇನೂ ಇಲ್ಲ. ಆದರೆ ಇವನು ಮಕ್ಕಳು ದೂರವಾದ ಮೇಲೆ ಬಂದವನು. ಹೆಸರೇ ಮೋನು, ಮಗ.

ಪಕ್ಕದ ಮನೆಯ ಅಕ್ಕನನ್ನು ಕೇಳಿದೆ. ಬೀಡಿ ಕಟ್ಟಿ ಮನೆ ನಡೆಸುವವರು, ನನಗಿಂತ ಹತ್ತು ವರ್ಷ ದೊಡ್ಡವರು. ಇಪ್ಪತ್ತು ವರ್ಷದಿಂದ ನಮ್ಮ ಎರಡು ಮನೆಗಳ ನಡುವಿನ ಬೇಲಿಯಲ್ಲಿ ಗೇಟಿಲ್ಲ, ಒಂದು ಸಂದು ಮಾತ್ರ ಉಂಟು. "ಪುಚ್ಚೆಗೆ ಅನ್ನ ಹಾಕುವುದು ಎಂತ ದೊಡ್ಡ ಕೆಲಸ, ನೀನು ಹೋಗಿ ಬಾ" ಅಂದರು. ಮೀನಿಗೆಂದು ಸಾವಿರ ರೂಪಾಯಿ ಕೊಟ್ಟೆ. ಅದನ್ನೂ ಬೇಡವೆಂದರು, ಸೆರಗಿಗೆ ತುರುಕಿದೆ. "ಏನಾದರೂ ಆದರೆ ಫೋನ್ ಮಾಡಿ" ಎಂದೆ. ನಾವೆಲ್ಲರೂ ಹೇಳುವ ಮಾತು ಅದು. "ಏನಾದರೂ" ಅಂದರೆ ಎಷ್ಟು ರೂಪಾಯಿಯ ಏನಾದರೂ ಎಂದು ಯಾರೂ ಹೇಳುವುದಿಲ್ಲ.

ಮೊಮ್ಮಗ ಹುಟ್ಟಿದ ಮೂರನೆಯ ದಿನ, ಸಂಜೆ. ನನ್ನ ಫೋನು ಚಾರ್ಜಿಗಿಟ್ಟಲ್ಲೇ ಇತ್ತು. ನೋಡುವಾಗ ಗುರುತಿಲ್ಲದ ನಂಬರಿನಿಂದ ಆರು ಕರೆಗಳು. ತಿರುಗಿ ಮಾಡಿದರೆ ನಮ್ಮ ಊರಿನ ಆಟೋ ಹುಡುಗ. ಅವನ ಫೋನಿನಲ್ಲಿ ಅಕ್ಕ ಮಾತಾಡಿದರು. ನಾನು ಸ್ಪೀಕರಿಗೆ ಹಾಕಿದ್ದೆ. "ಮೋನುವಿಗೆ ನಿನ್ನೆಯಿಂದ ಮೂತ್ರವೇ ಹೋಗಲಿಲ್ಲ ಮಾರಾಯ್ತಿ, ಈಗ ಟ್ಯೂಬು ಹಾಕಿದ್ದಾರೆ!" ಕೋಣೆಯಲ್ಲಿದ್ದ ಅಳಿಯನ ಉಮ್ಮ ತೊಟ್ಟಿಲಿಗೆ ಓಡಿದರು. ಬೆಕ್ಕಿನ ಮಾತು ಎಂದು ಅವರಿಗೆ ಅರ್ಥಮಾಡಿಸುವಾಗ ನಗು ಬಂತು. ಪೂರ್ತಿ ಕೇಳಿದ ಮೇಲೆ ನಗು ನಿಂತಿತು.

ಆದದ್ದು ಇಷ್ಟು. ಹಿಂದಿನ ದಿನ ಬೆಳಿಗ್ಗೆಯೇ ಮೋನು ಹಿತ್ತಿಲ ಹೊಯಿಗೆಯಲ್ಲಿ ಪದೇ ಪದೇ ಕುಳಿತು ಮುಕ್ಕುತ್ತಿದ್ದ. ಹೊಟ್ಟೆ ಕಟ್ಟಿದೆ ಎಂದು ಅಕ್ಕ ತುಪ್ಪ ನೆಕ್ಕಿಸಿದರು. ಯಾರಾದರೂ ಹಾಗೆಯೇ ತಿಳಿಯುತ್ತಾರೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳೋ ಲೋಳೆಯೋ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತದೆ. ಹೋಗದ ಮೂತ್ರದ ವಿಷ ರಕ್ತಕ್ಕೆ ಸೇರಿ, ಪೊಟ್ಯಾಸಿಯಂ ಏರಿ, ಒಂದೆರಡು ದಿನದಲ್ಲಿ ಹೃದಯವೇ ನಿಲ್ಲಬಹುದು. ಗಂಡು ಬೆಕ್ಕು ಮುಕ್ಕುತ್ತಾ ಕುಳಿತು ಹನಿಯೂ ಬೀಳದಿದ್ದರೆ ನಾಳೆಗೆ ಕಾಯಬಾರದು. ಬೆಕ್ಕು ಇರುವ ಮನೆಯವರು ಇದೊಂದನ್ನು ನೆನಪಿಡಿ. ನನಗೆ ಆರು ವರ್ಷ ಸಾಕಿಯೂ ಗೊತ್ತಿರಲಿಲ್ಲ.

ಮರುದಿನ ಅವನು ವಾಂತಿ ಮಾಡಿ ಮೂಲೆ ಸೇರಿದಾಗ ಅಕ್ಕ ಅವನನ್ನು ಬುಟ್ಟಿಯಲ್ಲಿ ಹಾಕಿಕೊಂಡು ಮೃಗಾಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಚೀಲ ಕಲ್ಲಿನಂತಾಗಿದೆ, ಕೂಡಲೇ ಮಂಗಳೂರಿಗೆ ಕೊಂಡುಹೋಗಿ ಎಂದರು. ನಮಗೆ ಮಂಗಳೂರು ಹತ್ತಿರ, ಆದರೆ ನಡುವೆ ತಲಪಾಡಿ. ನಮ್ಮ ಕಡೆಯ ಆಟೋ ಪರ್ಮಿಟ್ಟಿನ ತಕರಾರೆಂದು ಅಲ್ಲಿಗೆ ನಿಂತಿತು, ಆಚೆಯ ಇನ್ನೊಂದು ಆಟೋ ಹಿಡಿಯಬೇಕಾಯಿತು. ಹುಡುಗ ತನ್ನ ಆಟೋವನ್ನು ಗಡಿಯಲ್ಲೇ ಬಿಟ್ಟು ಅಕ್ಕನ ಜೊತೆ ಹೋದ. (2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮನುಷ್ಯರಿಗೇ ಮಂಗಳೂರಿನ ಆಸ್ಪತ್ರೆ ಸಿಗಲಿಲ್ಲ. ಆ ದಿನಗಳ ಮೇಲೆ ನಮ್ಮವರಿಗೆ ತಲಪಾಡಿ ದಾಟುವಾಗ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ.)

ಅಲ್ಲಿ ಮೂರು ಸಾವಿರ ಮುಂಗಡ ಕೇಳಿದರು. ಅರಿವಳಿಕೆ ಕೊಡಬೇಕು, ಉಳಿಯುತ್ತಾನೆಂದು ಹೇಳಲಾಗದು, ಮಾಲಕರ ಸಹಿ ಬೇಕು ಎಂದರು. ಅಕ್ಕ ಸಹಿ ಹಾಕಿದರು. ಹಣ ಹೊರಡುವ ಮೊದಲೇ ಅವರ ಸೆರಗಿನಲ್ಲಿತ್ತು. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೂಡಲೇ ಹಣ ಕಳಿಸುತ್ತೇನೆ ಎಂದವಳು ನಾನು. ನನ್ನ ಗಂಡನ ಊರಿನ ಸಿಮ್ಮನ್ನು ತೆಗೆದು ಪರ್ಸಿನಲ್ಲಿಟ್ಟು ಅಲ್ಲಿಯ ಸಿಮ್ ಹಾಕಿದ್ದೆವು. ತಿರುಗಿ ಹಾಕಿದರೆ ರೀಚಾರ್ಜ್ ಮುಗಿದಿದೆ, ಓಟಿಪಿ ಬರುವುದಿಲ್ಲ. ಅಳಿಯ ಕಳಿಸುವುದೆಂದರೂ ಅಕ್ಕನ ಪಾಸ್‌ಬುಕ್ಕಿನ ನಂಬರು ನಮ್ಮಲ್ಲಿಲ್ಲ, ಅವರ ಫೋನು ಬಟನ್ನಿನದ್ದು. ಕಡೆಗೆ ಅಳಿಯ ಆಟೋ ಹುಡುಗನ ಖಾತೆಗೆ ಕಳಿಸಿದ. ಅದು ತಲುಪಿದ್ದು ಮರುದಿನ ಮಧ್ಯಾಹ್ನ. ಟ್ಯೂಬು ಎರಡು ದಿನ ಇತ್ತು, ಡ್ರಿಪ್ಪು ಹಾಕಿದರು. ಒಟ್ಟು ಬಿಲ್ಲು 6,800. ಮೋನು ಉಳಿದ.

ಊರಿಗೆ ಬಂದ ಮೇಲೆ ಲೆಕ್ಕ ಚುಕ್ತಾ ಮಾಡಿದೆವೆಂದೇ ನಾನು ತಿಳಿದಿದ್ದೆ. ಒಂದು ತಿಂಗಳ ನಂತರ ರೇಷನ್ ಅಂಗಡಿಯ ಸಾಲಿನಲ್ಲಿ ಇನ್ನೊಬ್ಬರ ಬಾಯಿಂದ ಗೊತ್ತಾಯಿತು. ಆ ಹಣ ಅಕ್ಕ ಕುಟುಂಬಶ್ರೀ ಸಂಘದಿಂದ ಸಾಲ ತೆಗೆದದ್ದು. ಮಗಳ ಕಿವಿಯೋಲೆ ಬಿಡಿಸಲೆಂದು ಕೇಳಿದ್ದು ಎಂದು ಹೇಳಿದ್ದರಂತೆ. ಬೆಕ್ಕಿಗೆ ಎಂದರೆ ಯಾರು ಕೊಡುತ್ತಾರೆ? ಬಡ್ಡಿಯನ್ನು ಅವರೇ ಕಟ್ಟಿದ್ದರು. ಆ ಮೂರು ದಿನ ಬೀಡಿ ಕಟ್ಟಿರಲಿಲ್ಲ, ಅದನ್ನೂ ನನಗೆ ಹೇಳಿರಲಿಲ್ಲ.

ಸಂದಿನಿಂದ ಹೋಗಿ ಜಗಳವನ್ನೇ ಮಾಡಿದೆ. "ಮೊದಲ ದಿನವೇ ಯಾಕೆ ಫೋನ್ ಮಾಡಲಿಲ್ಲ?"

ಅಕ್ಕ ಸೂಪಿನಿಂದ ಕಣ್ಣೆತ್ತದೆ ಬೀಡಿ ಸುರುಟುತ್ತಾ ಹೇಳಿದರು: "ಬಾಣಂತಿ ಮನೆಗೆ ಫೋನ್ ಮಾಡಿ ಪುಚ್ಚೆಗೆ ದುಡ್ಡು ಕೇಳುವುದಾ? ಮತ್ತೆ ಎಷ್ಟು ಖರ್ಚು ಮಾಡಬಹುದು ಅಂತ ನನಗೆ ಹೇಗೆ ಗೊತ್ತು? ನಾಲ್ಕು ಸಾವಿರ ಮಾಡಿ ಅದು ಸತ್ತರೆ ನಿನ್ನ ಗಂಡ ಎಂತ ಹೇಳಿಯಾನು? ಮಾಡದೆ ಸತ್ತರೆ ನೀನು ಎಂತ ಹೇಳುತ್ತಿ? ರಾತ್ರಿ ಇಡೀ ಅದೇ ಯೋಚನೆ."

ಆ ಒಂದು ರಾತ್ರಿಯಲ್ಲಿ ಅವನು ಸಾಯಬಹುದಿತ್ತು. ಬಡತನದಿಂದಲ್ಲ, ನನ್ನ ಸಂಕೋಚದಿಂದ. ಹಣದ ಮಾತು ಆಡಿದರೆ ನೆರೆಮನೆಯವರನ್ನು ಕೂಲಿಯವರನ್ನಾಗಿ ಮಾಡಿದಂತಾಗುತ್ತದೆ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ಮರ್ಯಾದೆಯ ಬಡ್ಡಿ ಕಟ್ಟಿದವರು ಅವರು.

2025ರ ಜನವರಿಯಲ್ಲಿ ತಿರುಗಿ ಹೊರಟೆವು, ಇಪ್ಪತ್ತು ದಿನಕ್ಕೆ. ಅಳಿಯ ಯುಪಿಐ ಸರ್ಕಲ್ ಎಂದೇನೋ ಹೇಳಿದ. ನಮ್ಮ ಖಾತೆಯಿಂದಲೇ ಇನ್ನೊಬ್ಬರು ತಿಂಗಳಿಗೆ 15,000, ಒಂದು ಸಲಕ್ಕೆ 5,000ದವರೆಗೆ ಕೊಡುವ ಹಾಗೆ ಮಾಡಬಹುದಂತೆ. ಸ್ಮಾರ್ಟ್‌ಫೋನ್ ಇರುವ ಮನೆಯವರಿಗೆ ಒಳ್ಳೆಯದು. ನಾವು ಬಿಸ್ಕತ್ತಿನ ಡಬ್ಬದಲ್ಲಿ ಐದು ಸಾವಿರ ನೋಟಿಟ್ಟೆವು. ಮಂಗಳೂರಿನ ಆ ಡಾಕ್ಟರಿಗೆ ಒಂದು ಚೀಟಿ ಬರೆದೆ: ಈ ಬೆಕ್ಕಿನ ಬಗ್ಗೆ ಅಕ್ಕ ಹೇಳಿದ್ದೇ ನನ್ನ ಮಾತು, ಹತ್ತು ಸಾವಿರದವರೆಗೆ ಕೇಳದೆ ಮಾಡಿ. ನನ್ನ ಗಂಡ ಹತ್ತು ಎಂಬಲ್ಲಿ ಸ್ವಲ್ಪ ಕೆಮ್ಮಿದರು, ಆದರೂ ಕೆಳಗೆ ಸಹಿ ಹಾಕಿದರು. ಅಕ್ಕನ ಎದುರಿಗೇ ಹೇಳಿದೆ, ಇಷ್ಟು ಮಾಡಿಯೂ ಸತ್ತರೆ ಸತ್ತ, ಯಾರೂ ನಿಮ್ಮನ್ನು ಕೇಳುವುದಿಲ್ಲ. ಕೆಲಸ ಬಿಟ್ಟ ದಿನದ ಬೀಡಿಯ ಹಣವನ್ನೂ ಡಬ್ಬದಿಂದಲೇ ತೆಗೆಯಿರಿ ಎಂದೆ. ಅದಕ್ಕೆ ಅವರು ಕೋಪಿಸಿಕೊಂಡು ಒಳಗೆ ಹೋದರು. ಡಬ್ಬವನ್ನು ಮಾತ್ರ ತೆಗೆದುಕೊಂಡು ಹೋದರು.

ಬಂದ ದಿನ ಸಂಜೆ ಡಬ್ಬ ಸಂದಿನಿಂದ ತಿರುಗಿ ಬಂತು. ಒಳಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನ ಲೆಕ್ಕ. ಬೂತಾಯಿ 60. ಬೂತಾಯಿ 50. ಹುಳದ ಮದ್ದು 85. ಮಂಗಳೂರು, ಮೂತ್ರ ನೋಡಿಸಿದ್ದು, ಆಟೋ ಸೇರಿ 940, "ತೊಂದರೆ ಇಲ್ಲ ಅಂದರು". ಎಲ್ಲಕ್ಕಿಂತ ಕೆಳಗೆ, ಉಳಿದ ಅಕ್ಷರಕ್ಕಿಂತ ಸಣ್ಣದಾಗಿ: "ಬೀಡಿ, ಅರ್ಧ ದಿನ".

ಅದರ ಎದುರಿಗೆ ಮೊತ್ತ ಬರೆದಿರಲಿಲ್ಲ. ನೋಟು ಎಣಿಸಿ ನೋಡಿದೆ. ತೆಗೆದಿದ್ದರು.